ತಿಪ್ಪಣ್ಣ ಹೊಸದುರ್ಗಕ್ಕೆ ಹೋಗಿಬಂದದ್ದು

ಕಾಯಿಲೆಯವರನ್ನು ನೋಡಲು ಹೋಗುವಾಗ ನಾವೆಲ್ಲ ಒಂದೇ ಥರ. ಕೈಯಲ್ಲಿ ಮೋಸಂಬಿಯ ಕವರು, ಮುಖದಲ್ಲಿ ಬಸ್ಸಿಳಿದ ಮೇಲೆ ಹೊಂದಿಸಿಕೊಂಡ ದುಃಖ. ಮಲಗಿದವರ ಕೈ ಸವರುತ್ತೇವೆ, ನಮಗೆ ತಿಳಿದ ನಾಟಿ ಔಷಧಿಗಳನ್ನೆಲ್ಲ ಹೇಳುತ್ತೇವೆ. ಮಂಚದ ಹಿಂದೆ ಒಬ್ಬರು ನಿಂತಿರುತ್ತಾರಲ್ಲ, ಅವರು ಕೊಟ್ಟ ಟೀ ಕುಡಿದು ಎದ್ದುಬರುತ್ತೇವೆ. ಸೇವೆ ಎಂಬ ಪದ ಭಾಷಣಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದನ್ನು ಮಾಡುವವರಿಗೆ ಆ ಪದ ನೆನೆಯುವಷ್ಟೂ ಪುರಸೊತ್ತಿರುವುದಿಲ್ಲ.

ಹಿರೇಗುಂಟನೂರಿನ ನನ್ನ ಸೋದರಮಾವ ಈರಣ್ಣನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ತೊದಲಿತು. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಯಾರು ನೋಡಿಕೊಳ್ಳಬೇಕೆಂದು ನೆಂಟರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿರುವಾಗ, ಚಿಕ್ಕಂದಿನಿಂದ ಅವರ ಜೊತೆ ಕುರಿ ಕಾಯ್ದ ಗೆಳೆಯ ತಿಪ್ಪಣ್ಣ ತಮ್ಮ ಕುರಿಗಳನ್ನು ತಮ್ಮನಿಗೊಪ್ಪಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು ಮಾವನ ನಡುಮನೆಯಲ್ಲಿ ಹಾಸಿದರು. ಮೀಯಿಸುವುದು, ಮುದ್ದೆ ಮುರಿದು ಸಾರಿಗದ್ದಿ ಬಾಯಿಗಿಡುವುದು, ಮಗ್ಗುಲು ಬದಲಿಸುವುದು ಎಲ್ಲ ಅವರದೇ ಆಯಿತು. ನಾವು ಅದನ್ನು ಋಣಾನುಬಂಧ ಎಂದು ಕರೆದು ನಿಶ್ಚಿಂತರಾದೆವು. ಬಹಳ ಅನುಕೂಲದ ಮಾತದು. ಹೇಳಿದವನ ಹೊಣೆ ಅಲ್ಲಿಗೇ ಮುಗಿಯುತ್ತದೆ.

ಈ ಸಲ ಯುಗಾದಿ ಕಳೆದ ಮೇಲೆ, ನಾನಿರುವ ದುರ್ಗದಿಂದ ಮಾವನ ಊರಿಗೆ ಹೋಗಿದ್ದೆ. ತಿಪ್ಪಣ್ಣ ಮಾವನನ್ನು ಎತ್ತಿ ಕೂರಿಸಿದವರೇ ಗೋಡೆ ಹಿಡಿದು ಕಣ್ಣುಮುಚ್ಚಿ ನಿಂತರು.

"ಹೆಂಗಿದೀರಿ, ತಿಪ್ಪಣ್ಣಮಾವ?" ಎಂದೆ.

"ಪರವಾಗಿಲ್ಲಪ್ಪ. ಎರಡು ತುತ್ತು ಜಾಸ್ತಿ ತಿಂತಾನೆ. ಎಡಗೈಯಾಗೆ ಲೋಟ ತಾನೇ ಹಿಡ್ಕಂತಾನೆ."

"ಅವರದಲ್ಲ, ನಿಮ್ಮದು ಕೇಳಿದ್ದು."

ಮಾವನ ಬೆನ್ನಿಗೆ ದಿಂಬು ಒತ್ತರಿಸಿದರು. "ನಂದೇನೈತಪ್ಪ, ಸೊಂಟ ಒಂದು ಹಿಡ್ಕಂಡೈತೆ." ಆಮೇಲೆ ಬೇರೆ ಯಾರದೋ ಸುದ್ದಿಯೆಂಬಂತೆ ಹೇಳಿದರು: "ಹೊಸದುರ್ಗದಾಗೆ ಮಗಳು ಹಡದವ್ಳೆ. ಕೂಸು ಆಗ್ಲೇ ಕುಂತ್ಕಂತೈತಂತೆ. ಫೋನ್ನಾಗೆ ಮಾತ್ರ ನೋಡೀನಿ."

"ಇವತ್ತೇ ಹೋಗ್ರಿ. ಮಾವನ್ನ ನಾನು ನೋಡ್ಕಂತೀನಿ."

"ನಿನ್ ಕೈಲಿ ಆಗಾಕಿಲ್ಲ ಬಿಡು."

ಆಗ ಮಂಚದ ಮೇಲಿಂದ ಮಾವನ ತೊದಲು ಮಾತು ಬಂತು. "ಹೋ... ಹೋಗಲೇ!" ಅದು ಬೈಗುಳವೋ ಬೇಡಿಕೆಯೋ ನನಗೆ ತಿಳಿಯಲಿಲ್ಲ. ತಿಪ್ಪಣ್ಣನಿಗೆ ತಿಳಿಯಿತು. ಪಂಚೆ ಬದಲಿಸಿ ಬಸ್ಸಿಗೆ ಹೊರಟರು.

ಮಾವನಿಗೆ ಸ್ನಾನ ಮಾಡಿಸಲು ಹೋಗಿ ಅವರಿಗಿಂತ ನಾನೇ ಹೆಚ್ಚು ನೆನೆದೆ. ಸಂಜೆಯ ಹೊತ್ತಿಗೆ ನನ್ನ ಸೊಂಟವೂ ಮಾತಾಡತೊಡಗಿತು. ಅದಕ್ಕಿಂತ ಭಾರವಾದದ್ದು ಬೇರೆ ಇತ್ತು: ಹೊಸ್ತಿಲು ದಾಟಿ ಬೀದಿಗಿಳಿದರೂ ಕಿವಿ ಒಳಗೇ ಉಳಿಯುತ್ತಿತ್ತು. ಹೊಳಲ್ಕೆರೆಯ ತಂಗಿಗೆ ಫೋನ್ ಮಾಡಿದೆ. "ನಾನೂ ಬತ್ತೀನಣ್ಣ, ಸರದಿ ಮೇಲೆ ಇರಾಣ" ಎಂದಳು. ಪ್ರತಿ ತಿಂಗಳೂ ಒಂದಷ್ಟು ದಿನ ನಾವಿಬ್ಬರು ಮಾವನ ಜೊತೆ ಇರುವುದೆಂದಾಯಿತು. ಅದನ್ನು ಉಪಕಾರ ಎನ್ನಲು ಬಾಯಿ ಬರುವುದಿಲ್ಲ. ಮಾವ ನಮ್ಮವರೇ ತಾನೆ?

ವಾರ ಕಳೆದು ತಿಪ್ಪಣ್ಣ ಮರಳಿದರು. ಮಂಚದಂಚಿನಲ್ಲಿ ಕೂತು, "ಮೀಸೆ ಹಿಡ್ದು ಎಳೀತೈತೆ ಕಣಲೇ ಈರ, ಬಿಡಾಕೇ ಒಲ್ದು!" ಎಂದು ಕೂಸಿನ ಸುದ್ದಿ ಶುರುಮಾಡಿದರು. ಮಾವ ಅರ್ಧ ಬಾಯಲ್ಲೇ ನಕ್ಕರು. ಜೊಲ್ಲು ಗದ್ದಕ್ಕಿಳಿಯಿತು. ಒರೆಸಲು ತಿಪ್ಪಣ್ಣನ ಕೈ ತಾನಾಗಿ ಟವೆಲ್ಲಿನತ್ತ ಹೋಯಿತು. ಮಾವ ಎಡಗೈಯಿಂದ ಆ ಕೈಯನ್ನು ಗಟ್ಟಿಯಾಗಿ ಹಿಡಿದು ತಡೆದರು. ಹಿಡಿದುಕೊಂಡೇ, ಒದ್ದೆ ಗದ್ದವನ್ನು ನನ್ನತ್ತ ಚಾಚಿದರು.