ಒಂದೇ ಅಂಗಳದ ಎರಡು ಚುಕ್ಕಿ

ಬೆಳಗಾವಿಯಲ್ಲಿ ನನ್ನಷ್ಟು ಜೋರಾಗಿ ಓಡುವ ಕೋಡ್ ಬರೆಯುವವನು ಇನ್ನೊಬ್ಬನಿಲ್ಲ. ಹಳ್ಳಿ ಹುಡುಗ ಅಂತ ನಕ್ಕವರಿಗೆಲ್ಲ ಇದನ್ನು ಹೇಳಿಯೇ ಬಿಟ್ಟಿದ್ದೆ. ನಕ್ಷೆ ಬಿಡಿಸಲೆಂದು ಪೈಥಾನ್ ಎಂಬ ಕೋಡ್ ಭಾಷೆಯಲ್ಲಿ ನಾನು ಬರೆದ ಲೈಬ್ರರಿಯಲ್ಲಿ ಚುಕ್ಕಿಗಳು ಒಂದನ್ನೊಂದು ದೂಡುತ್ತವೆ, ನಡುವಿನ ಗೆರೆಗಳು ಅವನ್ನು ಜಗ್ಗುತ್ತವೆ. ಕಣ್ಣು ಪಿಳುಕಿಸುವುದರೊಳಗೆ ಚಿತ್ರ ತಾನೇ ಹದಕ್ಕೆ ಬಂದು ನಿಲ್ಲುತ್ತದೆ.

ಖಾನಾಪುರದ ಡೇರಿ ಮಾಲೀಕರಿಗೆ ಅದನ್ನು ತೋರಿಸಲು ಹೋದೆ. ಒಪ್ಪಿದರೆ ನನ್ನ ಮೊದಲ ಕೆಲಸ, ಇಲ್ಲವಾದರೆ ನಕ್ಕವರ ಮಾತೇ ಖರೇ. ಊರೂರಿನಲ್ಲಿದ್ದ ಅವರ ಹಾಲಿನ ಕೇಂದ್ರಗಳನ್ನು ಚುಕ್ಕಿ ಮಾಡಿ, ಗಾಡಿ ಹೋಗುವ ದಾರಿಗಳನ್ನು ಗೆರೆ ಮಾಡಿ, ಗುಂಡಿ ಒತ್ತಿದೆ. ಪರದೆಯ ಮೇಲಿದ್ದದ್ದೆಲ್ಲ ಮಾಯವಾಯಿತು.

"ನಂದಗಡ ಎಲ್ಲಿ ಹೋತೋ ತಮ್ಮಾ? ಕಣಕುಂಬಿನೂ ಇಲ್ಲ," ಅಂದರು ಮಾಲೀಕರು, ಕುರ್ಚಿ ಹಿಂದಕ್ಕೆ ಸರಿಸುತ್ತ.

ಕೋಡ್ ತೆರೆದು ನೋಡಿದೆ. ಎರಡು ಚುಕ್ಕಿ ಒಂದೇ ಕಡೆ ಕುಳಿತರೆ ಅಂತರ ಸೊನ್ನೆ. ಚುಕ್ಕಿಗಳು ದೂಡುವ ಬಲವನ್ನು ಅಂತರದಿಂದ ಭಾಗಿಸಿಯೇ ಲೆಕ್ಕ ಹಾಕುವುದು; ಸೊನ್ನೆಯಿಂದ ಭಾಗಿಸಿದರೆ ಇಡೀ ಲೆಕ್ಕ ಕೆಡುತ್ತದೆ. ಅದನ್ನು ತಡೆಯುವ ಸಾಲನ್ನು ವೇಗಕ್ಕಾಗಿ ನಾನೇ ಕಿತ್ತಿದ್ದೆ.

"ಒಂದ ಜಾಗದಾಗ ಎರಡು ಕೇಂದ್ರ ಅದಾವೇನ್ರಿ?" ಅಂತ ಕೇಳಿದೆ.

"ಹಲಸಿಯಾಗ ಅದಾವಲ್ಲ. ಅಣ್ಣತಮ್ಮ ಪಾಲಾದ್ರು, ಅಂಗಳ ಮಾತ್ರ ಒಂದ. ಅಣ್ಣನ ಕೇಂದ್ರಕ್ಕ ತಮ್ಮ ಹಾಲು ಹಾಕಂಗಿಲ್ಲಂತ. ಬಾಜೂಕ ಇನ್ನೊಂದು ಕೊಟ್ಟೀವಿ."

ತಮ್ಮನ ಚುಕ್ಕಿಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಗುಂಡಿ ಒತ್ತಿದೆ. ಊರುಗಳೆಲ್ಲ ತಿರುಗಿ ಬಂದವು.

ಕೆಲಸ ಸಿಕ್ಕಿತು. ವೇಗದಲ್ಲಿ ಈಗಲೂ ನನ್ನನ್ನು ಮೀರಿಸುವವರಿಲ್ಲ. ಆದರೆ ಗುಂಡಿ ಒತ್ತುವ ಮೊದಲು, ನಿಮ್ಮಲ್ಲಿ ಪಾಲಾದ ಅಣ್ಣತಮ್ಮಂದಿರು ಅದಾರೇನ್ರಿ ಅಂತ ಕೇಳಿಯೇ ಕೇಳುತ್ತೇನೆ.