ಆರು ಕುರ್ಚಿಗಳಲ್ಲಿ ಒಂದು

ಬೆಳಿಗ್ಗೆ ನೀರಿನ ಲಾರಿ ಬಂದಾಗ ಕೊಡಗಳನ್ನು ತುಂಬಿಸಿದೆ. ದೋಸೆಗೆ ನೆನೆಹಾಕಿದೆ. ತೀರಿಹೋದ ಮಾವನವರ ಫೋಟೋ ಒರೆಸಿ ಹೂವಿಟ್ಟೆ. ಅತ್ತೆಯ ಬಲಗಣ್ಣಿಗೆ ಡ್ರಾಪ್ಸ್ ಹಾಕಿದೆ. ಎಡಗಣ್ಣು ಹೋಗಿ ವರ್ಷವಾಗಿತ್ತು. ಇದೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆಮೇಲೆ ಅಡ್ಯಾರಿನಿಂದ ಆಟೋ ಹಿಡಿದು ಇಬ್ಬರೂ ಕೋಟೆಗೆ ಹೊರಟೆವು.

ಕೋಟೆಯೊಳಗಿನ ಶಾಸನಸಭೆಯಲ್ಲಿ ಮಾವನವರು ಶೀಘ್ರಲಿಪಿ ವರದಿಗಾರರಾಗಿದ್ದರು. ಸಭೆಯಲ್ಲಿ ಯಾರು ಏನಂದರೂ ನಡುವಿನ ಮೇಜಿನ ಮುಂದೆ ಕೂತು ಬರೆದುಕೊಳ್ಳುವ ಕೆಲಸ. ಅತ್ತೆ ಒಮ್ಮೆಯೂ ಒಳಗೆ ಹೋದವರಲ್ಲ. ಅಧಿವೇಶನವಿಲ್ಲದ ದಿನ ನೋಡಿ ನಮ್ಮ ಯಜಮಾನರು ಪಾಸು ತರಿಸಿಕೊಟ್ಟಿದ್ದರು.

"ಕಣ್ಣಿರೋವಾಗ ತಿರುಪತಿಗೆ ಹೋಗಿಬರಬಹುದಿತ್ತು ಅತ್ತೆ," ಎಂದೆ.

"ತಿಮ್ಮಪ್ಪನ್ನ ನೋಡಿದೀನಿ ಕಣೇ. ಮೂವತ್ತು ವರ್ಷ ಡಬ್ಬಿ ಕಟ್ಟಿದೀನಿ, ಅವ್ರು ಕೂತ್ಕೋತಿದ್ದ ಕುರ್ಚಿ ನೋಡಿಲ್ಲ."

ಗೇಟಿನಲ್ಲಿ ಚೀಲ, ಪೆನ್ನು ಎಲ್ಲ ಇಟ್ಟುಕೊಂಡರು. ಸಭೆ ತೋರಿಸಲು ಬಂದ ವಯಸ್ಸಾದ ಸಿಬ್ಬಂದಿ, ಯಾರು ಎಲ್ಲಿ ಕೂರುತ್ತಾರೆಂದು ಹೇಳುತ್ತ ಮುಂದೆ ನಡೆದರು. ಫ್ಯಾನುಗಳು ನಿಂತಿದ್ದವು, ಅರೆಗತ್ತಲು. ನಮ್ಮ ಹೆಜ್ಜೆಯ ಸದ್ದು ಒಂದಿಷ್ಟು ತಡವಾಗಿ, ಬೇರೆ ಯಾರದೋ ನಡಿಗೆಯ ಹಾಗೆ, ಹಿಂದಿನಿಂದ ಬರುತ್ತಿತ್ತು.

ಹಗ್ಗ ಕಟ್ಟಿದ್ದ ಕಡೆ ನಿಲ್ಲಿಸಿದರು. ಆಚೆ ವರದಿಗಾರರ ಮೇಜು. ಸುತ್ತ ಆರು ಕುರ್ಚಿ, ಎಲ್ಲವನ್ನೂ ಒಳಕ್ಕೆ ತಳ್ಳಿಟ್ಟಿದ್ದರು.

"ಇದ್ರಲ್ಲಿ ಯಾವ್ದೇ?" ಎಂದರು ಅತ್ತೆ.

ನಾನು ಸಿಬ್ಬಂದಿಯನ್ನು ಕೇಳಿದೆ. "ಪೇರು ಸೊಲ್ಲುಂಗಮ್ಮಾ," ಎಂದು ತಮಿಳಿನಲ್ಲಿ ಹೇಳಿದರು. ಹೆಸರು ಹೇಳಿದರೆ ಸಾಕು, ಹಳಬರೆಲ್ಲರ ಜಾಗ ತನಗೆ ಗೊತ್ತಂತೆ.

ಅತ್ತೆ ಗಂಡನ ಹೆಸರನ್ನು ಎಂದೂ ಬಾಯಲ್ಲಿ ಆಡಿದವರಲ್ಲ. ಮಾವನ ಹೆಸರನ್ನು ನಾನೂ ಆಡಿದ್ದಿಲ್ಲ. ಬರೆದು ತೋರಿಸೋಣವೆಂದರೆ ಪೆನ್ನು ಗೇಟಿನಲ್ಲಿ. ಆಗಲಿ ಎಂದು ಬಾಯಿ ತೆರೆದೆ. ಅತ್ತೆ ನನ್ನ ತೋಳಿಗೆ ಚಿವುಟಿದರು.

"ಸುಮ್ನಿರೇ. ಇದ್ದಾಗ ಕರೀದೇ ಇದ್ದ ಹೆಸರು. ಇಲ್ಲಿ ಕೂಗಿದ್ರೆ ಬಂದ್ಬಿಟ್ಟಾರು."

ನಗಬೇಕೆಂದುಕೊಂಡೆ, ಆಗಲಿಲ್ಲ. ಸಿಬ್ಬಂದಿ ದೀಪ ಹಾಕಲು ಬಾಗಿಲ ಕಡೆ ಹೋದರು.

ದೀಪ ಹತ್ತಿದಾಗ ತುದಿಯ ಕುರ್ಚಿ ಹಿಂದಕ್ಕೆ ಸರಿದು ಎಡಕ್ಕೆ ಓರೆಯಾಗಿತ್ತು. ಎಳೆದ ಸದ್ದೇ ಕೇಳಿರಲಿಲ್ಲ. ಮನೆಯಲ್ಲಿ ಊಟದ ಮೇಜಿನಿಂದ ಎದ್ದಾಗಲೆಲ್ಲ ಮಾವನವರು ಕುರ್ಚಿಯನ್ನು ಹಾಗೇ ಬಿಟ್ಟು ಹೋಗುತ್ತಿದ್ದರು. ಗೊಣಗುತ್ತ ಒಳಕ್ಕೆ ತಳ್ಳುತ್ತಿದ್ದವಳು ನಾನು.

ಸಿಬ್ಬಂದಿ ಬಂದು ಕುರ್ಚಿಯನ್ನು ನೋಡಿದರು, ನಮ್ಮನ್ನು ನೋಡಿದರು. ನಾವು ಹಗ್ಗದ ಈಚೆಗೇ ನಿಂತಿದ್ದೆವು. ಸಿಬ್ಬಂದಿ ಕುರ್ಚಿಯನ್ನು ಒಳಕ್ಕೆ ತಳ್ಳಲಿಲ್ಲ.

ಅತ್ತೆ ಇದ್ದೊಂದು ಕಣ್ಣಿನಿಂದ ತುಂಬ ಹೊತ್ತು ನೋಡಿದರು. "ಎದ್ದು ಹೋಗಿದಾರೆ, ಅಷ್ಟೇ. ಡಬ್ಬಿ ತೊಳ್ಯೋಕೆ," ಎಂದರು. "ನಡಿ, ನೋಡಿದ್ದಾಯ್ತು."

ರಾತ್ರಿ ಸಾರನ್ನ, ಸುಟ್ಟ ಹಪ್ಪಳ. ಊಟವಾದ ಮೇಲೆ ಅತ್ತೆ ಮಾವನವರ ಕುರ್ಚಿಯನ್ನು ತಡವರಿಸಿ ಹಿಡಿದು, ಹಿಂದಕ್ಕೆಳೆದು, ಎಡಕ್ಕೆ ಓರೆಯಾಗಿಟ್ಟರು. ನಾನು ಅದನ್ನು ಮುಟ್ಟಲಿಲ್ಲ. ಅಡುಗೆಮನೆ ಒರೆಸಿ ಬರುವಷ್ಟರಲ್ಲಿ ಅತ್ತೆ ನಿದ್ದೆ ಹೋಗಿದ್ದರು.