ಮೆಂಬರ್ ಮನೆ ಮುಂದಿನ ಹಾಸು

ಆಗಿನ್ನೂ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮನೆಗೊಂದು ಮಗ್ಗವಿತ್ತು. ಬೆಳಗಿನ ಹೊತ್ತು ಯಾರ ಮನೆ ಮುಂದೆ ಹೋದರೂ ಬಣ್ಣದ ಹಂಡೆಯ ಘಾಟು, ಬೇಯಿಸಿದ ರೇಷ್ಮೆಯ ಸೋಪಿನ ವಾಸನೆ, ಅದರ ಜೊತೆಗೆ ಯಾರದೋ ಒಲೆಯ ಮೇಲಿನ ಹುರುಳಿ ಸಾರಿನ ಒಗ್ಗರಣೆ. ನಿಮ್ಮಲ್ಲಿ ಯಾರಾದರೂ ಮಗ್ಗದ ಮನೆಯಲ್ಲಿ ಬೆಳೆದಿದ್ದರೆ ಬೇಸಿಗೆ ರಜೆ ಹೇಗಿರುತ್ತಿತ್ತು ಅಂತ ನಾನು ಹೇಳಬೇಕಾಗಿಲ್ಲ. ಒಳಗೆ ಮಗ್ಗದ ಹತ್ತಿರ ಸುಳಿದರೆ ಬೈಗುಳ, ಹೊರಗೆ ಬಿಗಿದ ಹಾಸಿನ ಎಳೆಗಳ ಹತ್ತಿರ ಆಡಿದರೆ ಏಟು. ಹಾಗಾಗಿ ಇಡೀ ಬೀದಿಯ ಮಕ್ಕಳು ತಂಗಳು ಉಂಡು, ಲಂಗದ ಜೇಬಿಗೆ ಹುರಿಗಡಲೆ ತುಂಬಿಕೊಂಡು ಪಾರ್ಕಿಗೆ ಓಡುತ್ತಿದ್ದೆವು.

ಹೆಸರಿಗೆ ಪಾರ್ಕು. ಅರ್ಧ ಜಾಗದಲ್ಲಿ ನಮ್ಮ ವಾರ್ಡಿನ ಮೆಂಬರ್ ತನ್ನ ಕಂಟ್ರಾಕ್ಟು ಕೆಲಸದ ಜಲ್ಲಿ ಸುರಿಸಿದ್ದ, ಟಾರು ಡ್ರಮ್ಮು ನಿಲ್ಲಿಸಿದ್ದ. ಉಳಿದ ಅರ್ಧದಲ್ಲಿ ಹಲಗೆ ಇಲ್ಲದ ಉಯ್ಯಾಲೆ, ಒಂದು ಕಡೆ ಮುರಿದ ಸೀ-ಸಾ ಹಲಗೆ, ತಗಡಿನ ಜಾರುಬಂಡೆ. ಟಾರು ಬಿಸಿಲಿಗೆ ಕರಗಿ ಹರಿಯುತ್ತಿತ್ತು, ನಾವು ಅದನ್ನು ಕಡ್ಡಿಗೆ ಸುತ್ತಿಕೊಂಡು ಉಂಡೆ ಮಾಡುತ್ತಿದ್ದೆವು. ಜಾರುಬಂಡೆಯ ತಗಡು ನಡುವೆ ಕಿತ್ತು ಮೇಲೆದ್ದಿತ್ತು. ಆ ಜಾಗ ಬಂದಾಗ ಸೊಂಟ ಎತ್ತಿ ಹಾರಬೇಕು ಅನ್ನುವುದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ನಾನು ಒಂದು ದಿನ ಕೈ ಊರಿದೆ.

ನನಗೆ ಆಗ ಒಂಬತ್ತು ವರ್ಷ. ಬಲಗೈ ತೋರುಬೆರಳಿನ ತುದಿ ಹೋಯಿತು. ನೋವಿಗಿಂತ ಹೆಚ್ಚು ನೆನಪಿರುವುದು ಆಟೋದಲ್ಲಿ ಅವ್ವನ ಸೆರಗು ಒದ್ದೆಯಾಗಿ ನನ್ನ ಮೊಣಕಾಲಿಗೆ ಅಂಟಿಕೊಂಡಿದ್ದು. ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದಾಗ ಅಪ್ಪ ಬ್ಯಾಂಡೇಜು ನೋಡಿದ.

"ಎಳೆ ಹೊಸೆಯೋ ಬೆಳ್ಳೇ ಓಯ್ತಲ್ಲ ಮಗಾ" ಅಂದ. ಆ ದಿನ ನಮ್ಮ ಮಗ್ಗ ಸದ್ದು ಮಾಡಲಿಲ್ಲ.

ಅಪ್ಪನ ಮಾತಿನ ತೂಕ ನನಗೆ ಆಮೇಲೆ ತಿಳಿಯಿತು. ಹಾಸು ಅಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆಗಳು. ನೇಯುವ ಮೊದಲು ಅವನ್ನು ಓಣಿಯುದ್ದಕ್ಕೂ ಎರಡು ಗೂಟಗಳ ನಡುವೆ ಬಿಗಿದು, ಹೆಂಗಸರು ಎರಡೂ ಕಡೆ ನಿಂತು ತುಂಡಾದ ಎಳೆಗಳನ್ನು ಹುಡುಕಿ ಹೊಸೆದು ಕೂಡಿಸುತ್ತಾರೆ. ಹೆಬ್ಬೆರಳು, ತೋರುಬೆರಳು, ಒಂದು ಚಿಟಿಕೆ ಬೂದಿ, ಅಷ್ಟೇ. ಕೂದಲಿಗಿಂತ ತೆಳ್ಳಗಿನ ಎಳೆ ಕಣ್ಣಿಗೆ ಕಾಣುವುದಿಲ್ಲ, ಬೆರಳ ತುದಿಗೆ ಗೊತ್ತಾಗುತ್ತದೆ. ನಾನು ಆ ವರ್ಷವೇ ಅದನ್ನು ಕಲಿತಿದ್ದೆ. ಬೀದಿಯ ಹೆಂಗಸರು ನನ್ನ ಕೈ ಹಿಡಿದು ನೋಡಿ ಹೊಗಳುತ್ತಿದ್ದರು. ಆ ಬೆರಳಿಗೆ ಇವತ್ತಿಗೂ ಉಗುರಿಲ್ಲ, ಸ್ಪರ್ಶವೂ ಇಲ್ಲ.

ಅವ್ವ ನನ್ನ ಗಣಿತದ ನೋಟ್‌ಬುಕ್ಕಿನಿಂದ ನಡುವಿನ ಹಾಳೆ ಕಿತ್ತಳು. ಪಾರ್ಕಿನಿಂದ ಜಲ್ಲಿ ತೆಗೆಸಬೇಕು, ಮಕ್ಕಳಿಗೆ ಹೊಸ ಉಯ್ಯಾಲೆ, ಜಾರುಬಂಡೆ ಹಾಕಿಸಬೇಕು ಅಂತ ಅರ್ಜಿ ಬರೆಸಿ, ಬೀದಿಯ ಅಷ್ಟೂ ತಾಯಂದಿರ ಹತ್ತಿರ ಸಹಿಯೋ ಹೆಬ್ಬೆಟ್ಟೋ ಹಾಕಿಸಿದಳು. ಮುನ್ಸಿಪಾಲ್ಟಿ ಆಫೀಸಿಗೆ ಮೂರು ಸಲ ಹೋದರು. ಒಂದು ಸಲ ಕೊಟ್ಟು ಹೋಗಿ ಅಂದರು, ಒಂದು ಸಲ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು, ಮೂರನೇ ಸಲ ನಿಮ್ಮ ಮೆಂಬರ್ ಬರೆದುಕೊಡಬೇಕು ಅಂದರು. ಸರಿ, ಎಲ್ಲರೂ ನಮ್ಮ ಬೀದಿಯಲ್ಲೇ ಇದ್ದ ಮೆಂಬರ್ ಮನೆಗೆ. ನಾನೂ ಬ್ಯಾಂಡೇಜು ಮುಂದಿಟ್ಟುಕೊಂಡು ಹೋಗಿದ್ದೆ.

ಮೆಂಬರ್ ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ಅರ್ಜಿ ಓದಿದ. ನನ್ನ ಬೆರಳು ನೋಡಲಿಲ್ಲ.

"ನಿಮ್ ಮಕ್ಳು ಕಪಿಗಳಂಗೆ ಮೇಲತ್ತುದ್ರೆ ನಾನೇನಮ್ಮಾ ಮಾಡ್ಲಿ? ಪಾರ್ಕ್‌ಗ್ಯಾಕೆ ಕಳಿಸ್ತೀರಿ, ಬೀದಿ ಇಲ್ವಾ? ಬೀದಿ ಎಲ್ಲಾ ನಿಮ್ದೇ ಅಲ್ವಾ, ಅಲ್ಲೇ ಆಡಿಸ್ಕಳಿ."

ಅವ್ವ ಲೊಕ್ಕನಹಳ್ಳಿಯವಳು. ಹುಡುಗಿಯಾಗಿದ್ದಾಗ ರಾಗಿ ಹೊಲಕ್ಕೆ ನುಗ್ಗಿದ ಆನೆಯನ್ನು ತಗಡು ಬಡಿದು ಓಡಿಸಿದವಳು. ಅಂಥವಳು ಅಲ್ಲಿ ಕೈ ಮುಗಿದು ಹೊರಟಾಗ ನನಗೆ ಅವಮಾನವಾಯಿತು. ನಮ್ಮ ಮನೆ ಮುಂದೆ ಬಂದ ಮೇಲೆ ಅವಳು ನಿಂತಳು.

"ಬೀದಿ ನಮ್ದೇ ಅಂದ. ಎಲ್ರೂ ಕೇಳುಸ್ಕಂಡ್ರಾ?"

"ಕೇಳುಸ್ಕಂಡೊ ಕಣಕ್ಕ."

"ಹಂಗಾರೆ ನಾಳಿಕೆ ಯಾರ್ಯಾರ್ ಮನೇಲಿ ಹಾಸು ರೆಡಿ ಅದೆ, ಯೇಳಿ."

ನಾವು ಹಾಸು ಹಾಕುತ್ತಿದ್ದುದು ಮನೆಗಳ ಹಿಂದಿನ ಓಣಿಯಲ್ಲಿ. ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಮೂರು ಮನೆಯ ಹಾಸು ಮೆಂಬರ್ ಮನೆ ಗೇಟಿನ ಮುಂದೆ, ಬೀದಿಯ ಈ ತುದಿಯಿಂದ ಆ ತುದಿಗೆ ಬಿಗಿದುಕೊಂಡು ನಿಂತಿತ್ತು. ಒಂದು ಅರಿಶಿನ, ಒಂದು ಗಿಣಿಹಸಿರು, ನಮ್ಮದು ಕುಂಕುಮದ ಬಣ್ಣ. ಅಲ್ಲಿಗೆ ಬಿಸಿಲು ಬೇಗ ಬೀಳುತ್ತದೆ, ಎಳೆ ಹೆಚ್ಚು ಹರಿಯುತ್ತದೆ. ಹೆಂಗಸರಿಗೆ ದುಪ್ಪಟ್ಟು ಕೆಲಸ. ಆದರೂ ಒಬ್ಬರೂ ಗೊಣಗಲಿಲ್ಲ. ನಮ್ಮನ್ನು ಅವ್ವ ಗೇಟಿನ ಪಕ್ಕದಲ್ಲೇ ಆಡಲು ಬಿಟ್ಟಳು. ಕುಂಟೆಬಿಲ್ಲೆಯ ಮನೆಗಳನ್ನು ನಾವು ಅವನ ಮೆಟ್ಟಿಲವರೆಗೂ ಬರೆದೆವು. ಕಿರುಚಬೇಡಿ ಅಂತ ಬೀದಿಯಲ್ಲಿ ಯಾರೂ ಹೇಳದ ಬೆಳಗು ಅದೊಂದೇ.

ಏಳು ಗಂಟೆಗೆ ಜೀಪು ಸ್ಟಾರ್ಟ್ ಆಯಿತು. ಮೆಂಬರ್ ಹನೂರಿಗೆ ಹೋಗಬೇಕು, ಅಲ್ಲಿ ಅವನ ರಸ್ತೆ ಕೆಲಸ ನಡೆಯುತ್ತಿತ್ತು. ಡ್ರೈವರ್ ಹಾರನ್ ಹೊಡೆದೇ ಹೊಡೆದ.

"ಏನಮ್ಮಾ ಇದು? ತೆಗೀರಿ" ಅಂದ ಮೆಂಬರ್.

"ಬಿಸ್ಲೇರೋಗಂಟ ಎತ್ತಕಾಗಲ್ಲ ಸಾ" ಅಂದಳು ಅವ್ವ, ಎಳೆಯಿಂದ ಕಣ್ಣು ಎತ್ತದೆ. "ನೀವೇ ಅಂದ್ರಲ್ಲ, ಬೀದಿ ನಮ್ದು ಅಂತ."

ಅವನು ಪಂಚೆ ಎತ್ತಿ ನಮ್ಮ ಹಾಸು ದಾಟಲು ಕಾಲು ಮುಂದಿಟ್ಟ. ಬಿಗಿದ ಹಾಸನ್ನು ನಮ್ಮಲ್ಲಿ ಯಾರೂ ದಾಟುವುದಿಲ್ಲ, ಎಂಥ ಅವಸರವಿದ್ದರೂ ಸುತ್ತಿಕೊಂಡೇ ಹೋಗುತ್ತಾರೆ. ಅವನ ಗೇಟಿಗೆ ಸುತ್ತು ದಾರಿ ಇರಲಿಲ್ಲ. ಆಗ ಒಳಗಿನಿಂದ ಅವನ ತಾಯಿ ಜಗಲಿಗೆ ಬಂದಳು. ಬೀದಿಗೆಲ್ಲ ಅವಳು ದೊಡ್ಡವ್ವ. ಮಗ ಮೆಂಬರ್ ಆಗುವ ಮೊದಲು ಮೂವತ್ತು ವರ್ಷ ನಮ್ಮಂಥವರ ಮನೆಗಳಿಗೆ ರೇಷ್ಮೆ ಸುತ್ತಿ ಕೊಟ್ಟವಳು.

"ಕಾಲು ಇಂದಕ್ ತಕ್ಕೊಳ್ಲಾ" ಅಂದಳು. "ಈ ಎಳೆ ಸುತ್ತೇ ನಿನ್ನ ಸಾಕಿದ್ದು. ಹಾಸು ದಾಟುದ್ರೆ ಈ ಮನೇಲಿ ನಾನು ನೀರು ಕುಡಿಯಲ್ಲ."

ಮೆಂಬರ್ ಕಾಲು ಹಿಂದಕ್ಕೆ ತೆಗೆದ. ನಲವತ್ತು ಹೆಂಗಸರು ತಲೆ ತಗ್ಗಿಸಿಕೊಂಡು ಎಳೆ ಹೊಸೆಯುತ್ತಿದ್ದರು, ಒಬ್ಬರೂ ನಗಲಿಲ್ಲ. ನಾನು ನಕ್ಕೆ. ಮನಸಾರೆ ನಕ್ಕೆ.

ಎರಡನೇ ದಿನ ಬೇರೆ ಮೂರು ಮನೆಯ ಹಾಸು. ಮೂರನೇ ದಿನ ಮತ್ತೆ ಮೂರು. ಪೊಲೀಸಿನವರೊಬ್ಬರು ಬಂದು ನೋಡಿ, ದೊಡ್ಡವ್ವ ಕೊಟ್ಟ ಕಾಫಿ ಕುಡಿದು ಹೋದರು. ನಾಲ್ಕನೇ ದಿನ ಹನೂರಿನ ಕೆಲಸ ನೋಡಲು ಇಂಜಿನಿಯರ್ ಬರುವವರಿದ್ದರು. ಮೆಂಬರ್ ಆರು ಗಂಟೆಗೇ ಗೇಟಿಗೆ ಬಂದು ನಿಂತ.

"ಏನ್ ಬೇಕಮ್ಮಾ ನಿಮ್ಗೆ?"

ಅವ್ವ ಕೈಯ ಬೂದಿ ಒರೆಸಿಕೊಂಡಳು. "ಏನೂ ಬ್ಯಾಡಣ್ಣ. ನಿಮ್ ಕಿಶೋರನ್ನ ಕರ್ಕಂಡು ಪಾರ್ಕಿಗೆ ಬನ್ನಿ. ಅವ್ನು ಒಂದೇ ಒಂದ್ಸಲ ಜಾರ್ಲಿ. ಆಮೇಕೆ ಹಾಸು ಎತ್ಕತೀವಿ."

ಮೆಂಬರ್ ಮಗ ಕಿಶೋರ ನನ್ನ ಕ್ಲಾಸಿನವನು. ಅವನಿಗೆ ಪಾರ್ಕಿನ ಅವಶ್ಯಕತೆ ಇರಲಿಲ್ಲ, ಮನೆಯ ಹಿತ್ತಲಲ್ಲೇ ಸರಪಳಿಯ ಉಯ್ಯಾಲೆ ಇತ್ತು. ನಿದ್ದೆಗಣ್ಣಿನಲ್ಲಿ, ಇಸ್ತ್ರಿ ಮಾಡಿದ ಚಡ್ಡಿಯಲ್ಲಿ ಅಪ್ಪನ ಕೈ ಹಿಡಿದು ಬಂದ. ಇಡೀ ಬೀದಿ ಹಿಂದೆ ಬಂತು. ಜಾರುಬಂಡೆ ನೋಡಿ ಅವನಿಗೆ ಖುಷಿಯೇ ಆಯಿತು, ಪಟಪಟ ಏಣಿ ಹತ್ತಿ ಮೇಲೆ ಕೂತ. ಸೊಂಟ ಎತ್ತಿ ಹಾರಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.

ಸುಳ್ಳು ಯಾಕೆ ಹೇಳಲಿ, ಅವನು ಜಾರಲಿ ಅಂತ ನಾನು ಬೇಡಿಕೊಂಡೆ. ಒಂದು ಬೆರಳು ಸಾಕು, ಬಲಗೈದೇ ಆಗಲಿ ಅಂತ ಬೇಡಿಕೊಂಡೆ. ಮೆಂಬರ್ ಮೇಲೆದ್ದ ತಗಡನ್ನು ನೋಡಿದ. ಆದರೂ ಅಷ್ಟು ಜನರ ಮುಂದೆ ಬೇಡ ಅನ್ನಲು ಅಭಿಮಾನ ಅಡ್ಡ ಬಂತು. ಕಿಶೋರ ಕೈ ಬಿಟ್ಟ. ಅವನು ತಗಡಿನವರೆಗೆ ಬರುವ ಮೊದಲೇ ಅವ್ವ ಮುಂದೆ ನುಗ್ಗಿ, ರಟ್ಟೆ ಹಿಡಿದು ಅವನನ್ನು ಪಕ್ಕಕ್ಕೆ ಎಳೆದುಕೊಂಡಳು. ತಗಡಿಗೆ ತಾಗಿ ಅವಳ ಮೊಣಕೈ ಸೀಳಿತು.

"ನೋಡುದ್ರಾ ಸಾ?" ಅಂದಳು, ಅಷ್ಟೇ.

ಆ ವಾರವೇ ಜಲ್ಲಿ ಹೋಯಿತು. ಸ್ಕೂಲು ಶುರುವಾಗುವ ಮೊದಲು ಹೊಸ ಜಾರುಬಂಡೆ, ಎರಡು ಉಯ್ಯಾಲೆ ಬಂದವು, ಕೆಳಗೆ ಮರಳು ಕೂಡ ಹಾಕಿಸಿದರು. ಬೀದಿಯ ಮಕ್ಕಳೆಲ್ಲ ಕುಣಿದಾಡಿದರು. ನಾನು ಅವ್ವನ ಜೊತೆ ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಮುದ್ದೆ ತಟ್ಟೆ ಮುಂದೆ ಕೂತು ಕೇಳಿದೆ.

"ಯಾಕವ್ವ ತಡುದೆ ಅವ್ನ?"

"ಅವ್ನ ಬೆಳ್ಳು ಓದ್ರೆ ನಿಂದು ಬತ್ತದಾ?"

"ಬರ್ದಿದ್ರೆ ಬ್ಯಾಡ."

ಅವ್ವ ನನ್ನ ಮುದ್ದೆಗೆ ಸಾರು ಬಿಟ್ಟಳು. "ಉಣ್ಣು, ಆರೋಯ್ತದೆ" ಅಂದಳು.

ಬೆರಳಿನ ಬಗ್ಗೆ ಅವಳು ಹೇಳಿದ್ದು ಸರಿ. ಆದರೆ ನನ್ನ ಹೊಟ್ಟೆಯ ಉರಿ ಇವತ್ತಿಗೂ ಆರಿಲ್ಲ. ಮೆಂಬರ್ ಮುಂದಿನ ಎಲೆಕ್ಷನ್ನಿನಲ್ಲಿ ಸೋತ ದಿನ ನಾನು ಕ್ಲಾಸಿಗೆಲ್ಲ ಪೆಪ್ಪರಮೆಂಟು ಹಂಚಿದೆ, ಕಿಶೋರನಿಗೆ ಎರಡು ಕೊಟ್ಟೆ. ಅವನು ಈಗ ಹನೂರು ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನು ಅನ್ನುತ್ತಾರೆ. ಒಂದು ಮೊಳೆ ಬೇಕಿದ್ದರೂ ನಾನು ಇನ್ನೊಂದು ಅಂಗಡಿಗೆ ಹೋಗುತ್ತೇನೆ.

ಈಗ ನಾವಿರುವುದು ಊರಾಚೆಯ ಹೊಸ ಬಡಾವಣೆಯಲ್ಲಿ. ಹಳೆಯ ಬೀದಿಯಲ್ಲಿ ಮಗ್ಗ ಉಳಿದಿರುವುದು ಎರಡೋ ಮೂರೋ ಮನೆಯಲ್ಲಿ, ಹೊರಗೆ ಹಾಸು ಹಾಕುವವರಿಲ್ಲ. ಹಾಕಿದರೂ ಬೈಕಿನವರು ನಿಲ್ಲುತ್ತಾರೆಯೇ? ಬಡಾವಣೆಗೆ ಬಣ್ಣ ಬಣ್ಣದ ಪಾರ್ಕಿದೆ. ಕಳೆದ ತಿಂಗಳು ನನ್ನ ಏಳು ವರ್ಷದ ಮಗಳು ಆಡುವ ಉಯ್ಯಾಲೆಯ ಕೊಂಡಿ ಸವೆದು ದಾರದಷ್ಟಾಗಿರುವುದು ಕಣ್ಣಿಗೆ ಬಿತ್ತು. ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹನ್ನೊಂದು ಜನ ಕೈ ಮುಗಿದ ಚಿತ್ರ ಕಳಿಸಿದರು. ನಾನೊಬ್ಬಳೇ ನಗರಸಭೆ ಆಫೀಸಿಗೆ ಹೋದೆ. ಆನ್‌ಲೈನಲ್ಲಿ ಹಾಕಿ ಮೇಡಂ ಅಂದರು. ಆ ಹುಡುಗನ ಮೇಜು ಮಗುಚಿ ಹಾಕುವಷ್ಟು ಸಿಟ್ಟು ಬಂತು, ಹಳೆಯ ಸಿಟ್ಟೇ, ಒಂದು ಚೂರೂ ಮಾಸಿರಲಿಲ್ಲ. ಹಿಂದೆ ತಿರುಗಿ ನೋಡಿದರೆ ಖಾಲಿ ಬೆಂಚು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ನಮ್ಮ ಜೊತೆಯೇ ಇದ್ದಾಳೆ, ಕಣ್ಣು ಮಂಜಾಗಿದೆ, ಮಾತು ಮಂಜಾಗಿಲ್ಲ.

"ಗ್ರೂಪು ಆಮೇಕಾಗ್ಲಿ. ಮೊದ್ಲು ಪಕ್ಕದ ಮನೆಯವ್ಳನ್ನ ಕರಿ, ಅವ್ಳಿಗೂ ಮಗ ಅವ್ನಲ್ಲಾ" ಅಂದಳು. "ಏನವ್ಳ ಹೆಸ್ರು?"

ಆರು ವರ್ಷದಿಂದ ನಮ್ಮ ಎರಡು ಮನೆಗೂ ಒಂದೇ ಕಾಂಪೌಂಡು ಗೋಡೆ. ಅವಳ ಹೆಸರು ನನಗೆ ಗೊತ್ತಿರಲಿಲ್ಲ.